ಬೇಲಿಯ ಗಡ್ಡೆ

"ತೆಳ್ಳಗ ಅಂದ್ರ ಇಷ್ಟು ತೆಳ್ಳಗೇನೋ ಮಾರಾಯ? ಅತ್ಲಾಗ ನಿಂತ ಬಸ್ಸು ಕಾಣಾಕತ್ತೈತಲ್ಲೋ ಇದರಾಗ!" ಎಂದು ಲಿಂಗಸುಗೂರು ಬಸ್ಸಿಗೆ ಕಾಯುತ್ತಿದ್ದ ದಪ್ಪ ಮನುಷ್ಯನೊಬ್ಬ ಗಡ್ಡೆಯ ಹೋಳನ್ನು ಬಿಸಿಲಿಗೆ ಎತ್ತಿ ಹಿಡಿದ.

"ಅಷ್ಟ ತಿನ್ನಬೇಕ್ರಿ ಸಾವ್ಕಾರ. ರಾಮದೇವ್ರು ಇಷ್ಟಿಷ್ಟ ತಿಂದು ಹದಿನಾಲ್ಕು ವರ್ಷ ವನವಾಸ ದೂಡಿದ," ಎಂದ ಯಮನೂರಪ್ಪ. ಬಾಯಿ ಮಾತಾಡುತ್ತಿದ್ದರೂ ಕೈಯಲ್ಲಿನ ಅಗಲ ಚಾಕು ನಿಲ್ಲಲಿಲ್ಲ.

"ರಾಮದೇವ್ರಿಗೆ ಸಾಕಾಗಿರಬೇಕು, ಈ ಸಾವ್ಕಾರ್ರ ಹೊಟ್ಟಿಗೆ ಎಲ್ಲಿ ಸಾಲತೈತಿ?" ಎಂದಳು ಪಕ್ಕದಲ್ಲಿ ಸೌತೆಕಾಯಿ ಬುಟ್ಟಿ ಇಟ್ಟುಕೊಂಡು ಕೂತ ಖಾಸಿಂಬೀ. "ನನ್ನ ಸೌತಿಕಾಯಿ ತಗೋರಿ. ಕಡದ್ರ ಬಾಯಿ ತುಂಬತೈತಿ."

ಸಿಂಧನೂರು ಬಸ್ ಸ್ಟ್ಯಾಂಡಿನ ಹೊರಗೆ ತಳ್ಳುಗಾಡಿಯ ಮೇಲೆ ಆ ಗಡ್ಡೆ ಮೃದಂಗದ ಹಾಗೆ ಅಡ್ಡ ಮಲಗಿತ್ತು. ಹೊರಗೆಲ್ಲ ಕೆಮ್ಮಣ್ಣಿನ ಬಣ್ಣ, ಕೊಯ್ದ ಕಡೆ ಹಾಲಿನಂಥ ಬಿಳುಪು. ಭೂಚಕ್ರ ಗಡ್ಡೆ. ಎಲ್ಲರೂ ನೋಡಿದ್ದೇ, ಎಲ್ಲರೂ ಒಂದಲ್ಲ ಒಂದು ಬೇಸಿಗೆಯಲ್ಲಿ ತಿಂದಿದ್ದೇ. ಅದು ಯಾವ ಗಿಡದ್ದು, ಎಲ್ಲಿ ಬೆಳೆಯುತ್ತದೆ ಅಂತ ಕೇಳಿದರೆ ಯಮನೂರಪ್ಪ ಚಾಕುವಿನಿಂದ ದೂರದ ಗುಡ್ಡಗಳ ಕಡೆ ತೋರಿಸುತ್ತಿದ್ದ. "ಅಡವ್ಯಾಗ್ರಿ. ಅಮಾಸಿ ಮುಂದ ಹೋಗಿ ಆಳುದ್ದ ಅಗೀಬೇಕು," ಎನ್ನುತ್ತಿದ್ದ. ದಪ್ಪಗೆ ಕೊಡು ಅಂದವರಿಗೆ ದೇವರು ಸಿಟ್ಟಾಗುತ್ತಾನೆ ಎನ್ನುತ್ತಿದ್ದ. ಖರೆ ವಿಷಯ ಇಷ್ಟೇ: ದಪ್ಪ ಹೋಳು ತಿಂದರೆ ಗಂಟಲು ಕೆರೆಯುತ್ತದೆ, ಹೊಟ್ಟೆ ಕಿತ್ತುಕೊಳ್ಳುತ್ತದೆ. ತೆಳ್ಳಗೆ ಕೊಯ್ಯುವುದೇ ಆ ಕಸುಬು, ಉಳಿದದ್ದೆಲ್ಲ ಬಾಯಿ.

"ಪಿತ್ತಕ್ಕ, ಉಷ್ಣಕ್ಕ, ಮೂಲವ್ಯಾಧಿಗೆ, ಸಕ್ಕರಿ ಬ್ಯಾನಿಗೆ! ಬರ್ರಿ, ಭೂಚಕ್ರ ಗಡ್ಡಿ!" ಎಂದು ಅವನು ಒದರುತ್ತಿದ್ದಾಗಲೇ ರಾಜಶ್ರೀ ಬಂದಳು. ರಾಜಶ್ರೀ ಅವನ ತಂಗಿಯ ಮಗಳು. ಸಿಂಧನೂರಿನಲ್ಲೇ ಗಂಡನ ಮನೆ, ಹತ್ತಿರದ ಒಂದು ಔಷಧಿ ಅಂಗಡಿಯಲ್ಲಿ ಕೆಲಸ. ಅಂಗಡಿಯ ನೀಲಿ ಕೋಟಿನಲ್ಲೇ ಓಡಿ ಬಂದಿದ್ದಳು. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಗಡ್ಡೆಯ ಪಕ್ಕದಲ್ಲಿ ಬೋರಲು ಹಾಕಿದಳು. ಹೆಬ್ಬೆರಳುದ್ದದ ಗಾಜಿನ ಸೀಸೆಗಳು ಉರುಳಿದವು.

"ಏನವ್ವಾ ಇವು?"

"ನಮ್ಮವ್ವನ ಇನ್ಸುಲಿನ್. ತಿಂಗಳಾ ತಿಂಗಳಾ ನಾನ ಒಯ್ದು ಕೊಟ್ಟಿದ್ದು. ನೀರಿನ ಕೊಡದ ಬಾಜೂಕ ಹಸಿ ಬಟ್ಟಿ ಸುತ್ತಿ ಭಾಳ ಜ್ವಾಕಿಲೆ ಇಟ್ಟಾಳ. ಒಂದರ ಮುಚ್ಚಳಾನೂ ತಗದಿಲ್ಲ ಮಾವ. ಆರು ತಿಂಗಳಾತು. ಕೇಳಿದಾಗೆಲ್ಲ ಚುಚ್ಚಿಕೊಂಡೆ ಅಂತಿದ್ಲು."

"ಯಾಕಂತ?"

"ಯಾಕಂತ ನನ್ನ ಕೇಳ್ತಿ?" ರಾಜಶ್ರೀಯ ದನಿ ಏರಿತು. "ನಮ್ಮಣ್ಣನ ಗಡ್ಡಿ ತಿನ್ನಾಕತ್ತೀನಿ, ಅದರ ಮುಂದ ಈ ಸೀಸೆ ಏನು ಅಂತಾಳ. ನಾಟಿ ಹಚ್ಚಾಗ ಕಾಲಿಗೆ ಏನೋ ಚುಚ್ಚಿತ್ತಲ್ಲ, ಆ ಹೆಬ್ಬೆರಳು ಕರ್ರಗಾಗೈತಿ. ವಾಸ್ನಿ ಹೊಡ್ಯಾಕತ್ತೈತಿ. ನಿನ್ನೆ ಎಳಕೊಂಡು ಡಾಕ್ಟರ್ ಕಡೆ ಹೋಗಿದ್ದೆ. ಇವತ್ತಿಂದ ಸೂಜಿ ಸುರು ಮಾಡಿದ್ರ ಬೆರಳು ಹೋಗಿ ಕಾಲು ಉಳೀತೈತಿ, ಇಲ್ಲಾಂದ್ರ ಕಾಲು ತಗದ್ರೂ ಜೀವ ಉಳಿಯೂ ಗ್ಯಾರಂಟಿ ಇಲ್ಲಂದ್ರು. ನಾ ಹೇಳಿದ್ರ ಕೇಳಂಗಿಲ್ಲ. ನೀ ಬಾ. ನಿನ್ನ ಮಾತು ಕೇಳ್ತಾಳ."

ದಪ್ಪ ಮನುಷ್ಯ ಬಾಯಿಗೆ ಒಯ್ದ ಹೋಳನ್ನು ಹಾಗೇ ಹಿಡಿದುಕೊಂಡಿದ್ದ. ಖಾಸಿಂಬೀ ಸೌತೆಕಾಯಿಗೆ ನೀರು ಚಿಮುಕಿಸುವುದನ್ನು ನಿಲ್ಲಿಸಿದಳು.

"ಹೋಗೋ ಯಮನೂರ್ಯಾ," ಎಂದಳು ಮೆಲ್ಲಗೆ. "ಗಾಡಿ ನಾ ನೋಡ್ಕೋತೀನಿ."

ಮಾವ ಸೊಸೆ ಇಬ್ಬರೂ ತಂಗಿ ಬಸ್ಸಮ್ಮನ ಊರು ಗೊರೇಬಾಳಕ್ಕೆ ಆಟೋ ಹತ್ತಿದರು. ಪ್ರತಿ ಗುರುವಾರ ಗೊರೇಬಾಳದ ಆಟೋದವನ ಕೈಯಲ್ಲಿ, ಮಾರಿ ಉಳಿದದ್ದಲ್ಲ, ಹೊಸ ಗಡ್ಡೆಯ ನಡುವಿನ ತುಂಡನ್ನೇ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸುತ್ತಿದ್ದವನು ಅವನೇ. ತಂಗಿ ಕೇಳಿದ್ದಳು, ಕಳಿಸಿದ್ದ. ಬಾಯಿರುಚಿಗೆ ತಿನ್ನುತ್ತಾಳೆ, ಓಣಿಯ ಮಕ್ಕಳಿಗೆ ಹಂಚುತ್ತಾಳೆ ಅಂದುಕೊಂಡಿದ್ದ. ಗಂಡ ಸತ್ತ ಮೇಲೆ ನಾಟಿ, ಕಳೆ ಅಂತ ಗದ್ದೆಯ ಕೆಸರಲ್ಲೇ ಬದುಕು ಕಳೆದ ಹೆಣ್ಣುಮಗಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಕಾಲುವೆ ದಂಡೆಯ ಉದ್ದಕ್ಕೂ ಕತ್ತಾಳೆ ಬೆಳೆದು ನಿಂತಿತ್ತು. ಯಮನೂರಪ್ಪ ಆ ಕಡೆ ನೋಡಲಿಲ್ಲ. ಯಾಕೆಂದರೆ ಅವನ ಗಡ್ಡೆ ಅದೇ. ಅಡವಿಯೂ ಇಲ್ಲ, ಅಮಾವಾಸ್ಯೆಯೂ ಇಲ್ಲ. ಮಸ್ಕಿ ಗುಡ್ಡದ ಬುಡದಲ್ಲಿ, ಹಾಳು ಹೊಲಗಳ ಬೇಲಿಯಲ್ಲಿ, ದನ ಕೂಡ ಮೂಸದ ಕತ್ತಾಳೆ. ಏಳೆಂಟು ವರ್ಷ ಬಲಿತದ್ದನ್ನು, ಹೂವಿನ ಕಂಬ ಏಳುವ ಮೊದಲು ಹಿಡಿಯಬೇಕು. ಕಂಬ ಎದ್ದಿತೋ, ಒಳಗಿನ ಸಿಹಿಯೆಲ್ಲ ಅದಕ್ಕೇ ಹೋಗುತ್ತದೆ. ಎಲೆಗಳನ್ನು ಬುಡಕ್ಕೆ ಸವರಿ, ದಿಂಡನ್ನು ಕೆತ್ತಿ ಗುಂಡಗೆ ಮಾಡಿ, ನೀರಲ್ಲಿ ನೆನೆಹಾಕಿ, ಮೇಲೆ ಕೆಮ್ಮಣ್ಣು ಬಳಿದರೆ ಮುಗಿಯಿತು, ರಾಮದೇವರು ತಿಂದ ಗಡ್ಡೆ. ಅವನ ಅಪ್ಪ ಇದನ್ನು ಮುದಗಲ್ಲಿನ ಒಬ್ಬ ಮುದುಕನಿಂದ ಕಲಿತಿದ್ದ. ಕಲಿಸುವಾಗ ಆ ಮುದುಕ ಚಾಕು ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದನಂತೆ: ಮಗನಿಗೆ ಹೇಳು, ಮಗಳಿಗೆ ಹೇಳಬೇಡ. ಮಗಳು ಇನ್ನೊಂದು ಮನೆಗೆ ಹೋಗುವವಳು, ಅವಳ ಹಿಂದೆ ಗುಟ್ಟೂ ಹೋಗುತ್ತದೆ. ಹಾಗಾಗಿ ಕತ್ತಾಳೆ ಎಲೆ ಬಡಿದು ನಾರು ತೆಗೆದು ಹಗ್ಗ ಹೊಸೆಯುವುದು ಬಸ್ಸಮ್ಮನಿಗೆ ಗೊತ್ತಿತ್ತು. ಕಾಳಿಲ್ಲದ ವರ್ಷ ಅವ್ವ ಕತ್ತಾಳೆಯ ಹೂವು ಕುದಿಸಿ ನೀರು ಬಸಿದು ಪಲ್ಯ ಮಾಡಿದ್ದೂ ನೆನಪಿತ್ತು. ಆದರೆ ಅಣ್ಣನ ಗಾಡಿಯ ಮೇಲಿನ ಗಡ್ಡೆ ಅದೇ ಗಿಡದ ಹೊಟ್ಟೆಯೊಳಗಿನದು ಅಂತ ಐವತ್ತು ವರ್ಷ ದಾಟಿದರೂ ಅವಳಿಗೆ ಗೊತ್ತಿರಲಿಲ್ಲ.

ಬಸ್ಸಮ್ಮ ಬಾಗಿಲಲ್ಲೇ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಪಾದಕ್ಕೆ ಹಳೇ ಸೀರೆಯ ಬಟ್ಟೆ ಸುತ್ತಿತ್ತು. ಅಣ್ಣನನ್ನು ಕಂಡದ್ದೇ ಮುಖ ಅರಳಿತು.

"ಯಣ್ಣಾ, ಬಂದ್ಯಾ? ಈ ವಾರದ ಗಡ್ಡಿ ತೀರಿತ್ತು ನೋಡು. ಯಾರ ಕೈಲೆ ಹೇಳಿ ಕಳಸಲಿ ಅನಕೋತ ಕುಂತಿದ್ದೆ."

ಯಮನೂರಪ್ಪನಿಗೆ ಮೊದಲು ಬಡಿದದ್ದು ವಾಸನೆ. ಇಲಿ ಸತ್ತ ಮನೆಯ ವಾಸನೆ. ಅವನು ಹೊಸ್ತಿಲ ಮೇಲೆ ಕುಕ್ಕರಿಸಿದ.

"ಸೂಜಿ ಯಾಕ ಚುಚ್ಚಿಕೊಂಡಿಲ್ಲಬೇ?"

"ಈಕಿಯಪ್ಪ ಚುಚ್ಚಿಕೊಂಡಿದ್ದಿಲ್ಲೇನು? ಸುರು ಮಾಡಿ ಎಂಟ ತಿಂಗಳು ಇದ್ದ. ಸೂಜಿ ಹೊಕ್ಕ ಮನಿ ಇದು. ಇನ್ನೊಮ್ಮಿ ಹೊಗಸಂಗಿಲ್ಲ ನಾ."

"ಅಂವಗ ಭಾಳ ತಡಾ ಮಾಡಿ ಸುರು ಮಾಡಿದ್ರು ಯವ್ವಾ, ಅದಕ್ಕ..." ಎಂದಳು ರಾಜಶ್ರೀ.

"ನೀ ಸುಮ್ಕಿರು. ಅಂಗಡಿ ಮಾಲು ಮಾರಾಕ ನಿಮ್ಮವ್ವನ ಮೈನ ಬೇಕಾತೇನು?" ಎಂದು ಬಸ್ಸಮ್ಮ ನಕ್ಕಳು. "ನನಗ ಏನೂ ಆಗಿಲ್ಲ. ಗಡ್ಡಿ ಎರಡ ಹೋಳು ಹೆಚ್ಚಿಗಿ ತಿಂದ್ರ ನಾಕ ಸಲ ಹೊರಕಡಿ ಆಗತೈತಿ. ಮೈಯಾನ ಸಕ್ಕರಿ ಎಲ್ಲಾ ಹೊರಗ ಹೊಂಟೈತಿ. ಮೈ ಹೂವಿನಂಗ ಹಗುರಾಗೈತಿ ನೋಡು."

ಹಗುರಾಗಿದ್ದಳು, ನಿಜ. ಕುತ್ತಿಗೆಯ ಎಲುಬು ಎದ್ದಿತ್ತು. ರವಿಕೆಯ ತೋಳೊಳಗೆ ಇನ್ನೊಂದು ತೋಳು ತೂರುವಷ್ಟು ಜಾಗವಿತ್ತು.

"ಬಸ್ಸೀ, ಗಡ್ಡಿ ತಿನ್ನೂದು ಬಿಡು. ಇವತ್ತ ಸೂಜಿ ತಗೋ."

"ಬಜಾರಕ್ಕೆಲ್ಲ ತಿನ್ನಿಸ್ತಿ, ತಂಗಿಗೆ ಬ್ಯಾಡಂತಿ?"

ಅಪ್ಪ ಸಾಯುವಾಗ ತನ್ನಿಂದಲೂ ಹೇಳಿಸಿಕೊಂಡ ಆಣೆಯನ್ನು ಯಮನೂರಪ್ಪ ಮುರಿದ.

"ಅದು ಅಡವಿ ಗಡ್ಡಿ ಅಲ್ಲ. ಕತ್ತಾಳಿ ಅದು. ನಿನ್ನ ಹಿತ್ತಲ ಬೇಲ್ಯಾಗ ಐತಲ್ಲ, ಅದ."

ಬಸ್ಸಮ್ಮ ಮಗಳ ಮುಖ ನೋಡಿದಳು, ಅಣ್ಣನ ಮುಖ ನೋಡಿದಳು, ಆಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ ನಗತೊಡಗಿದಳು. "ಭೇಷ್! ಈ ಹುಡುಗಿ ಭಾಳ ಚೊಲೋ ಕಲಿಸಿ ಕರಕೊಂಡು ಬಂದಾಳ. ಕತ್ತಾಳಿ ಬಡದು ಬಡದು ಈ ಕೈ ಬೊಬ್ಬಿ ಎದ್ದು ಎಷ್ಟ ಸಲ ಒಡದಾವ ಗೊತ್ತೈತೇನು? ಅದರ ರಸ ತಾಗಿದ್ರ ಚರ್ಮ ಸುಲೀತೈತಿ. ಅದು ಸಿಹಿ ಇರತೈತೇನೋ ಯಣ್ಣಾ? ಸುಳ್ಳು ಹೇಳಿದ್ರ ಒಪ್ಪೂವಂಗ ಹೇಳು."

ಯಮನೂರಪ್ಪ ಎದ್ದ. ಮೂಲೆಯಲ್ಲಿದ್ದ ಕೊಡಲಿ, ಕುಡುಗೋಲು ತೆಗೆದುಕೊಂಡು ಹಿತ್ತಲಿಗೆ ಹೋದ. ಗದ್ದೆಗೂ ಮನೆಗೂ ನಡುವೆ ಕತ್ತಾಳೆಯ ಉದ್ದನೆಯ ಸಾಲು. ನೋಡುತ್ತಲೇ ಅವನಿಗೆ ಗೊತ್ತಾಯಿತು, ಮೂರನೆಯದು ಬಲಿತಿದೆ, ನಡುವಿನ ಸುಳಿ ಇನ್ನೂ ಬಿಗಿಯಾಗಿದೆ. ಎಲೆಗಳನ್ನು ಒಂದೊಂದಾಗಿ ಸವರಿದ. ಗಾಡಿಯ ಮುಂದೆ ನಿಂತವನ ಹಾಗಲ್ಲ, ಅವಸರದಲ್ಲಿ, ಕೈಗೆ ಬಟ್ಟೆಯನ್ನೂ ಸುತ್ತಿಕೊಳ್ಳದೆ. ಮುಳ್ಳು ಎರಡು ಕಡೆ ಗೀರಿತು. ತಾಸಿನ ಮೇಲೆ ಬಿಳಿ ದಿಂಡನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ಬಂದು ಕೊಳಾಯಿಯಲ್ಲಿ ತೊಳೆದ. ತಂಗಿಯ ಎದುರಿಗೇ ಕೂತು ನಡುವಿನಲ್ಲಿ ಕತ್ತರಿಸಿ, ಬಸ್ಸು ಕಾಣುವಷ್ಟು ತೆಳ್ಳಗೆ ಒಂದು ಹೋಳು ಕೊಯ್ದು ಅವಳ ಕೈಗಿಟ್ಟ.

ಬಸ್ಸಮ್ಮ ಅನುಮಾನದಿಂದ ತುದಿ ಕಚ್ಚಿದಳು. ಅಗಿದಳು. ಅಗಿಯುವುದನ್ನು ನಿಲ್ಲಿಸಿದಳು. ಇನ್ನೊಂದು ಕಡೆಯಿಂದ ಕಚ್ಚಿದಳು.

"ಅದ," ಎಂದಳು. ದನಿ ಬದಲಾಗಿತ್ತು. "ಅದ ಐತಿ ಯಣ್ಣಾ."

ಯಮನೂರಪ್ಪನಿಗೆ ಅಪ್ಪ ಸತ್ತ ಮೇಲೆ ಮೊದಲ ಸಲ ಎದೆಯ ಮೇಲಿಂದ ಏನೋ ಇಳಿದ ಹಾಗಾಯಿತು. ರಾಜಶ್ರೀ ಆಗಲೇ ಚೀಲದಿಂದ ಸಿರಿಂಜು ತೆಗೆಯುತ್ತಿದ್ದಳು. ಬಸ್ಸಮ್ಮ ತೆರೆದ ಹಿತ್ತಲ ಬಾಗಿಲಿನಿಂದ ಬೇಲಿಯ ಕಡೆ ನೋಡಿದಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಹಂಗಾದ್ರ ನಾ ವಾರಗಟ್ಲೆ ನಿನ್ನ ದಾರಿ ಕಾಯೂದು ಎದಕ? ನನ್ನ ಹಿತ್ತಲದಾಗ ಐತಲ್ಲೋ!"

"ಏ ಹುಚ್ಚೀ, ಅದು ಕತ್ತಾಳಿ ಅಂತ ಹೇಳಾಕತ್ತೀನಿ! ಔಷಧಿ ಅಲ್ಲ ಅದು!"

"ಹೆಸರು ಮುಚ್ಚಿಟ್ಟಿದ್ರಿ, ತಿಳೀತು. ನನಗೂ ಹೇಳಲಿಲ್ಲ ನೀವು, ಅಪ್ಪ ಮಗ ಕೂಡಿ. ಇರಲಿ, ಹೊಟ್ಟಿಪಾಡು. ಗುಣ ಎಲ್ಲಿ ಹೋಗತೈತಿ? ಹೆಸರು ಬ್ಯಾರೆ ಆದ್ರ ಗುಣ ಬ್ಯಾರೆ ಆಕ್ಕೈತೇನು?"

ರಾಜಶ್ರೀ ಸಿರಿಂಜು ಬಿಟ್ಟು ಮೊಬೈಲು ತೆಗೆದಳು. ತಾನು ಓದಿದವಳು, ಬರೆದದ್ದು ತೋರಿಸಿದರೆ ಅವ್ವ ನಂಬುತ್ತಾಳೆ ಅಂದುಕೊಂಡಳು. "ನೋಡು ಯವ್ವಾ, ಇಲ್ಲಿ ಖುಲ್ಲಾ ಬರದಾರ. ಕತ್ತಾಳಿ ಅಂದ್ರ..." ಎಂದು ಓದತೊಡಗಿದಳು. ಪರದೇಶದಲ್ಲಿ ಇದರ ದಿಂಡನ್ನು ಸುಟ್ಟು ತಿನ್ನುತ್ತಾರೆ, ಹೂವು ಬೇಯಿಸುತ್ತಾರೆ, ರಸ ಕಾಯಿಸಿ ಸಕ್ಕರೆಯ ಬದಲು ಪಾಕ ಮಾಡುತ್ತಾರೆ, ಕರುಳಿಗೆ ಒಳ್ಳೆಯದು, ಎಲುಬಿಗೆ... ರಾಜಶ್ರೀ ನಿಲ್ಲಿಸಿದಳು.

"ಯಾಕ ನಿಂತಿ? ಓದು. ಸಕ್ಕರಿ ಬದಲಿ ಅಂತ ಬಂತಲ್ಲ ಈಗ?" ಬಸ್ಸಮ್ಮ ಅಣ್ಣನ ಕಡೆ ತಿರುಗಿದಳು. "ಕೇಳಿದ್ಯಾ? ಪರದೇಶದವ್ರಿಗೂ ಗೊತ್ತಾಗೈತಿ. ನೀ ಒಬ್ಬಾಂವ ಈಗ ಇಲ್ಲನ್ನಾಕತ್ತಿ."

ಕೆಳಗೆ ಇನ್ನೂ ಇತ್ತು. ಪಾಕವೂ ಸಕ್ಕರೆಯೇ ಎಂದು, ಹಸಿ ರಸ ವಿಷವೆಂದು, ಮಾತ್ರೆ ಸೂಜಿ ಬಿಡಬಾರದೆಂದು. ರಾಜಶ್ರೀ ಅದನ್ನೂ ಓದಿದಳು, ಎರಡು ಸಲ ಓದಿದಳು. ಬಸ್ಸಮ್ಮ ಆಗಲೇ ಇನ್ನೊಂದು ಹೋಳು ಕೊಯ್ದುಕೊಳ್ಳುತ್ತಿದ್ದಳು, ತುಸು ದಪ್ಪಗೆ.

ಯಮನೂರಪ್ಪ ಅವಳ ಕೈ ಹಿಡಿದ. "ಬಸ್ಸೀ, ಇಲ್ಲಿ ನೋಡು. ಅಪ್ಪ ಎಂದಾದ್ರೂ ಸಕ್ಕರಿ ಬ್ಯಾನಿಗೆ ಅಂತ ಒದರಿದ್ದು ಕೇಳೀ ಏನು? ಪಿತ್ತಕ್ಕ, ಉಷ್ಣಕ್ಕ ಅಂತಿದ್ದ, ಅಷ್ಟ. ಸಕ್ಕರಿ ಅನ್ನೂದು ನಾ ಸೇರಿಸಿದ್ದು. ಆರೇಳು ವರ್ಷದ ಹಿಂದ ಒಬ್ಬಾಕಿ ಮಾಸ್ತರ್ತಿ ಬಂದು, ಶುಗರ್ ಇದ್ದವ್ರು ತಿನ್ನಬಹುದೇನ್ರಿ ಅಂತ ಕೇಳಿದ್ಲು. ಇಲ್ಲ ಅಂದ್ರ ಹೋಗಿಬಿಡ್ತಿದ್ಲು. ಅದಕ್ಕ ಇದು ಔಷಧಿನ ಬೇ ತಾಯಿ ಅಂದೆ. ಮರುದಿನ ಹಂಗ ಒದರಿದೆ. ಗಿರಾಕಿ ಹೆಚ್ಚಾದ್ರು. ಅಷ್ಟ ಅದರ ಹಕೀಕತ್. ನನ್ನ ಬಾಯಾಗ ಹುಟ್ಟಿದ್ದು ಅದು. ನಿನ್ನ ಕಾಲು ಹಿಡ್ಕೋತೀನಿ."

ಹಿಡಿದುಕೊಂಡ ಕೂಡ. ಒಳ್ಳೆಯ ಕಾಲನ್ನು. ಬಸ್ಸಮ್ಮ ಗಾಬರಿಯಾಗಿ ಕಾಲು ಎಳೆದುಕೊಂಡು, ದೊಡ್ಡವನಿಂದ ಪಾದ ಮುಟ್ಟಿಸಿಕೊಂಡದ್ದಕ್ಕೆ ಗಲ್ಲ ಬಡಿದುಕೊಂಡಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದ ಅಣ್ಣನ ಹಣೆ ಮುಟ್ಟಿ ನೋಡುತ್ತಿದ್ದಳಲ್ಲ, ಅಂಥದೇ ಮುಖ.

"ಅಪ್ಪನ ಕಾಲಕ್ಕ ಸಕ್ಕರಿ ಬ್ಯಾನಿ ಯಾರಿಗಿತ್ತೋ? ಅಂವಗ ತಿಳೀಲಿಲ್ಲ, ನಿನಗ ತಿಳೀತು," ಎಂದಳು. "ನಿನ್ನ ಬಾಯಿಲೆ ಎಷ್ಟ ಮಂದಿಗೆ ಗುಣಾ ಆಗೈತೋ ಏನೋ. ಈಗ ಯಾಕ ಅಂಜಿದಿ? ನನ್ನ ಸಲುವಾಗಿ ಅಂಜಬ್ಯಾಡ. ಏಳು, ರೊಟ್ಟಿ ತಿನ್ನು."

ಇಪ್ಪತ್ತು ದಿನ ಯಮನೂರಪ್ಪ ಗಾಡಿ ಹೊರಗೆ ತೆಗೆಯಲಿಲ್ಲ. ಒದರುವುದಕ್ಕೆ ಬಾಯಿ ತೆರೆದರೆ ಪಿತ್ತದಿಂದ ಮುಂದಕ್ಕೆ ಹೋಗುತ್ತಿರಲಿಲ್ಲ. ಮೂರು ಸಲ ಗೊರೇಬಾಳಕ್ಕೆ ಹೋಗಿ ಬಂದ. ಅತ್ತ, ಬೈದ, ಊಟ ಬಿಟ್ಟು ಕೂತ. ರಾಜಶ್ರೀ ಅವ್ವನನ್ನು ಹೊತ್ತು ದವಾಖಾನೆಗೆ ಹಾಕಲು ಗಂಡನನ್ನೂ ಕರೆತಂದಳು. ಬಸ್ಸಮ್ಮ ಬಾಗಿಲ ಚೌಕಟ್ಟು ಹಿಡಿದು ಬಿಡಲಿಲ್ಲ. ಓಣಿಯವರು ಬಂದು, ಇಷ್ಟು ವಯಸ್ಸಿನ ಹೆಣ್ಣುಮಗಳ ಮೈಮೇಲೆ ಕೈ ಹಾಕುತ್ತೀರಾ ಅಂತ ಇವರಿಗೇ ಬುದ್ಧಿ ಹೇಳಿ ಕಳಿಸಿದರು. ಎರಡು ದಿನಕ್ಕೊಮ್ಮೆ ಗಾಯ ತೊಳೆಸಿಕೊಳ್ಳುವುದಕ್ಕೆ ಮಾತ್ರ ಅವಳು ಒಪ್ಪಿದ್ದಳು, ಅದೂ ಮಗಳ ಸಮಾಧಾನಕ್ಕೆ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ರಾಜಶ್ರೀ ಫೋನು ಮಾಡಿದಳು. "ಕರ್ರಗಾಗಿದ್ದು ಮೊಣಕಾಲಿಗೆ ಏರೈತಿ ಮಾವ," ಎಂದಳು. ಅಳುತ್ತಿರಲಿಲ್ಲ. "ರಾಯಚೂರು ದವಾಖಾನಿಗೆ ಒಯ್ದ್ರೂ ಈಗ ಜೀವಂತ ಮುಟ್ಟಂಗಿಲ್ಲ ಅಂದ್ರು ಡಾಕ್ಟರು. ನೀ ಬಾ."

ಅವನು ಹೋದಾಗ ಬಾಗಿಲಲ್ಲಿ ಓಣಿಯ ಮೂವರು ಹೆಂಗಸರು ಕೂತಿದ್ದರು. ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು, ಆದರೂ ಎದ್ದು ಹೋಗಿರಲಿಲ್ಲ. ಅವರಲ್ಲಿ ಗದ್ದೆಮ್ಮ ಎಂಬ ಮುದುಕಿಯ ಮಡಿಲಲ್ಲಿ ತಾಟಿನ ತುಂಬ ಬಿಳಿ ಹೋಳುಗಳಿದ್ದವು.

"ನನಗೂ ಶುಗರ್ ಐತಿ ನೋಡಪಾ," ಎಂದಳು ಗದ್ದೆಮ್ಮ. "ನಿಮ್ಮ ತಂಗಿ ಪುಣ್ಯಾತಗಿತ್ತಿ. ತನ್ನ ಬೇಲಿದು ಎಲ್ಲಾರಿಗೂ ತಗೋರಿ ಅಂದಾಳ. ಮಾರಂಗಿಲ್ಲಂತ. ದಿನಾ ಎಷ್ಟು ತಿನ್ನಬೇಕು, ನೀನ ಹೇಳಬೇಕು ಈಗ."

ಯಮನೂರಪ್ಪ ತಾಟನ್ನು ಕಿತ್ತುಕೊಂಡು ಓಣಿಗೆ ಎಸೆದ. ಹೆಂಗಸರು ಒಮ್ಮೆಲೇ ಎದ್ದರು. "ಹೊಟ್ಟಿಕಿಚ್ಚು ನೋಡು! ಗುಟ್ಟು ಹೊರಗ ಬಿದ್ರ ಗಾಡಿ ನಡಿಯಂಗಿಲ್ಲಂತ ಸಿಟ್ಟು," ಎಂದು ಒಬ್ಬಳು ಎಂದದ್ದು ಅವನಿಗೆ ಕೇಳಿಸಿತು. ಎಸೆದ ಹೋಳುಗಳನ್ನು ಗದ್ದೆಮ್ಮ ಬಾಗಿ ಆರಿಸಿಕೊಂಡಳು.

ಒಳಗೆ ಬಸ್ಸಮ್ಮ ಚಾಪೆಯ ಮೇಲೆ ಮಲಗಿದ್ದಳು. ಕಣ್ಣು ತೆರೆದಿದ್ದವು, ನೋಡುತ್ತಿರಲಿಲ್ಲ. ಉಸಿರು ದೂರದಿಂದ ಓಡಿ ಬಂದವಳ ಉಸಿರಿನ ಹಾಗಿತ್ತು, ಅದಕ್ಕೊಂದು ಹಣ್ಣು ಕೊಳೆತಂಥ ಸಿಹಿ ವಾಸನೆ. ಅವನು ಹತ್ತಿರ ಕೂತು ಹೆಸರು ಹಿಡಿದು ಕರೆದ. ತುಟಿ ಅಲುಗಿದವು, ಮಾತು ಬರಲಿಲ್ಲ. ರಾಜಶ್ರೀ ತಲೆದೆಸೆಯಲ್ಲಿ ಕೂತು ಅವ್ವನ ಕೂದಲ ಸಿಕ್ಕು ಬಿಡಿಸುತ್ತಿದ್ದಳು.

ಯಮನೂರಪ್ಪ ಅಲ್ಲಿ ಕೂರಲಾರದೆ ಹಾರೆ ಹಿಡಿದು ಹಿತ್ತಲಿಗೆ ಹೋದ. ಬೇಲಿ ಅರ್ಧ ಬೋಳಾಗಿತ್ತು. ಉಳಿದ ಅರ್ಧವನ್ನು ಅವನು ಕಡಿಯತೊಡಗಿದ. ಈ ಸಲ ಎಲೆ ಸವರಲಿಲ್ಲ, ದಿಂಡು ನೋಡಲಿಲ್ಲ, ಬುಡಕ್ಕೇ ಹಾರೆ ಹಾಕಿ ಮೀಟಿದ. ಹೊತ್ತು ನೆತ್ತಿಗೆ ಬಂತು. ರಸ ಹಾರಿ ಮೊಣಕೈವರೆಗೆ ಚರ್ಮ ಉರಿದು ಕೆಂಪಗೆ ದದ್ದೆದ್ದಿತು. ದೊಡ್ಡವನ್ನೆಲ್ಲ ಕಿತ್ತು ಗದ್ದೆಯ ಬದುವಿಗೆ ಎಳೆದು ಹಾಕಿ ತಿರುಗಿ ನೋಡಿದರೆ, ಮೊದಲು ಕಡಿದ ಬುಡಗಳ ಸುತ್ತ ಬೆರಳಷ್ಟು ಎತ್ತರದ ಮರಿಗಳು ಎದ್ದಿದ್ದವು. ಕೂತು ಅವನ್ನು ಕೈಯಿಂದ ಕಿತ್ತ. ಕಿತ್ತಷ್ಟೂ ಮಣ್ಣೊಳಗೆ ಬಿಳಿ ಬೇರು ಮುಂದಕ್ಕೆ ಹೋಗುತ್ತಿತ್ತು, ಅದರ ತುದಿಗೆ ಇನ್ನೊಂದು ಮೊಳಕೆ. ಅಗೆಯುತ್ತ ಅಗೆಯುತ್ತ ಅವನು ಮನೆಯ ಗೋಡೆಯವರೆಗೆ ಬಂದಿದ್ದ. ಬೇರು ಗೋಡೆಯ ಕೆಳಗೆ ಇಳಿದಿತ್ತು.

ಹಿತ್ತಲ ಬಾಗಿಲು ತೆರೆಯಿತು. ಗಾಯ ತೊಳೆದ ನೀರಿನ ಬೋಗುಣಿ ಹಿಡಿದು ರಾಜಶ್ರೀ ಹೊಸ್ತಿಲಲ್ಲಿ ನಿಂತಳು. ಅತ್ತ ಇತ್ತ ನೋಡಿದಳು. ಅದನ್ನು ಚೆಲ್ಲಲು ಬೇರೆ ಜಾಗವಿರಲಿಲ್ಲ.

"ಮಾವ, ಜರಾ ಸರಿ," ಎಂದಳು.

ಅವನು ಸರಿದ. ಕೆಂಪು ನೀರು ಅಗೆದ ಮಣ್ಣಿನ ಮೇಲೆ ಬಿದ್ದು, ಒಂದು ಗಳಿಗೆ ನಿಂತು, ಸಣ್ಣಗೆ ಗುಳ್ಳೆ ಬಿಡುತ್ತ ಒಳಕ್ಕೆ ಇಂಗಿತು.